ಹಿರಿಯ ರೆಸ್ಲರ್ ಕೈಯಲ್ಲಿ ಸೋತರೆ ಇದ್ದ ಹೆಸರೂ ಹೋಗುತ್ತಾ?

ಪ್ರಶ್ನೆ: ಪ್ರೊ ರೆಸ್ಲಿಂಗ್‌ನಲ್ಲಿ ಜನ ಈಗೀಗ ನನ್ನನ್ನು ಗುರುತು ಹಿಡಿಯುತ್ತಿದ್ದಾರೆ. ಮುಂದಿನ ಶೋನಲ್ಲಿ ಹಳೇ ಹುಲಿಯೊಬ್ಬರಿಗೆ ಸೋಲಬೇಕು ಅಂತ ಬುಕರ್ (ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನಿಸುವವರು) ಹೇಳಿದ್ದಾರೆ. ಒಪ್ಪಿಕೊಳ್ಳಲಾ? ಅನುಭವ ಇದ್ದವರು ಹೇಳಿ.

ರಿಂಗಿಗೆ ಇಳಿದವರು: ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಆದರೆ ಅವರ ಹತ್ತಿರ ಒಂದೇ ಒಂದು ಕೇಳಿ: ಅವರ ಫಿನಿಶರ್ (ಮ್ಯಾಚ್ ಮುಗಿಸುವ ಖಾಸಾ ಪಟ್ಟು) ಬಿದ್ದ ಮೇಲೂ ಒಮ್ಮೆ ಕಿಕ್‌ಔಟ್, ಅಂದರೆ ರೆಫ್ರಿ ಮೂರು ಎಣಿಸುವ ಮುಂಚೆ ಭುಜ ಎತ್ತುವುದು. ನನಗೆ ಅದು ಸಿಕ್ಕಿತ್ತು. ರೆಫ್ರಿ ಕೈ ಮೂರನೇ ಸಲ ನೆಲಕ್ಕೆ ಬೀಳುವಷ್ಟರಲ್ಲಿ ಭುಜ ಎತ್ತಿದೆ. ಎದುರಿದ್ದವರು ಸುಮ್ನೆ ಮಂಡಿಯೂರಿ ಕೂತು, ಬಾಯಿ ಬಿಟ್ಟು ರೆಫ್ರಿಯನ್ನೇ ನೋಡಿದರು. ಜನ ಎದ್ದು ನಿಂತದ್ದು ನನ್ನನ್ನು ನೋಡಿ ಅಲ್ಲ, ಅವರ ಆ ಮುಖ ನೋಡಿ! ಆಮೇಲೆ ಎರಡನೇ ಸಲ ಭುಜ ಎತ್ತದೆ ಪಿನ್ ಆದೆ, ಅಂದರೆ ಸೋತೆ. ಹೊರಗೆ ಬರುವಾಗ ಕೂಗುತ್ತಿದ್ದದ್ದು ನನ್ನ ಹೆಸರು. ಎರಡು, ಮೂರು ಕಿಕ್‌ಔಟ್ ಕೇಳಬೇಡಿ, ಬೆಲೆ ಇರಲ್ಲ.

ಹಳೇ ಅಭಿಮಾನಿ: 1997ರ ರೆಸಲ್‌ಮೇನಿಯಾ 13 (ಅಮೆರಿಕದ ವರ್ಷಕ್ಕೊಮ್ಮೆಯ ದೊಡ್ಡ ರೆಸ್ಲಿಂಗ್ ಶೋ) ನೋಡಿ. ಬ್ರೆಟ್ ಹಾರ್ಟ್ ಎದುರು ಸ್ಟೀವ್ ಆಸ್ಟಿನ್, ಸಬ್ಮಿಷನ್ ಮ್ಯಾಚ್ (ಪಟ್ಟು ಹಾಕಿ ಎದುರಾಳಿ ಸೋಲೊಪ್ಪುವಂತೆ ಮಾಡಿ ಗೆಲ್ಲುವ ಪಂದ್ಯ). ಶಾರ್ಪ್‌ಶೂಟರ್ ಪಟ್ಟಿನಲ್ಲಿ ಸಿಕ್ಕಿಬಿದ್ದು, ಮುಖವೆಲ್ಲ ರಕ್ತ. ಆದರೂ ಆಸ್ಟಿನ್ ಟ್ಯಾಪ್ ಮಾಡಲಿಲ್ಲ (ಕೈ ತಟ್ಟಿ ಸೋಲೊಪ್ಪಲಿಲ್ಲ), ಪ್ರಜ್ಞೆ ತಪ್ಪಿದ. ರೆಫ್ರಿಯಾಗಿದ್ದ ಕೆನ್ ಶಾಮ್‌ರಾಕ್ ಮ್ಯಾಚ್ ನಿಲ್ಲಿಸಿದ. ವಿಲನ್ ಆಗಿ ಬಂದವನು ಜನರ ಹೀರೋ ಆಗಿ, ಯಾರ ಸಹಾಯವೂ ಬೇಡ ಅಂತ ಕುಂಟುತ್ತಾ ಹೋದ. ಗೆದ್ದ ಬ್ರೆಟ್‌ಗೇ ಛೀಮಾರಿ! ಮುಂದಿನ ವರ್ಷದ ರೆಸಲ್‌ಮೇನಿಯಾದಲ್ಲಿ ಆಸ್ಟಿನ್ ಚಾಂಪಿಯನ್. ಟ್ಯಾಪ್ ಮಾಡಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ? ನನಗಂತೂ ಅನುಮಾನ.

ರೆಫ್ರಿ ಕೆಲಸ ಮಾಡುವವರು: ಇಬ್ಬರೂ ಒಳ್ಳೇದನ್ನೇ ಹೇಳಿದ್ದಾರೆ, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಹಿರಿಯರಿಗೆ ಮನಸ್ಸಿಲ್ಲದಿದ್ದರೆ ಇದ್ಯಾವುದೂ ನಡೆಯಲ್ಲ. ನಿಮ್ಮ ಏಟಿಗೆ ಅಲುಗಾಡದೆ ಎರಡು ನಿಮಿಷದಲ್ಲಿ ಮುಗಿಸಿಬಿಡುವವರನ್ನು ಹತ್ತಿರದಿಂದ ನೋಡಿದ್ದೇನೆ. 2002ರಲ್ಲಿ ರಾ ಟಿವಿ ಶೋನಲ್ಲಿ ಜೆಫ್ ಹಾರ್ಡಿ ಎದುರು ಲ್ಯಾಡರ್ ಮ್ಯಾಚ್ (ಏಣಿ ಹತ್ತಿ ಮೇಲೆ ತೂಗುಹಾಕಿದ ಬೆಲ್ಟ್ ತೆಗೆದವರು ಗೆಲ್ಲುವ ಪಂದ್ಯ) ಗೆದ್ದು ಹೊರಟಿದ್ದ ಅಂಡರ್‌ಟೇಕರ್, ಹುಡುಗ ಮತ್ತೆ ಎದ್ದು ನಿಂತದ್ದು ನೋಡಿ ವಾಪಸ್ ಬಂದು ಅವನ ಕೈ ಎತ್ತಿ ಹಿಡಿದಿದ್ದ. ಅಂಥವರು ಸಿಗುವುದು ಅದೃಷ್ಟ. ಹಾಗಾಗಿ ಮ್ಯಾಚ್‌ಗೆ ಮುಂಚೆಯೇ ಅವರ ಜೊತೆ ಕೂತು ಮಾತಾಡಿ.

ಶೋ ಬುಕ್ ಮಾಡುವವರು: ಸೋತ ಮೇಲೆ ನಿಮಗೇನು ಪ್ಲಾನ್ ಅಂತ ಬುಕರ್‌ನ ಈಗಲೇ ಕೇಳಿ. ಮುಂದಿನ ಶೋನಲ್ಲಿ ಗೆಲುವು ಇದ್ದರೆ ಈ ಸೋಲು ಲಾಭ. ಮತ್ತೆ ಸೋಲೇ ಅಂದರೆ, ಜನ ಕಿಕ್‌ಔಟ್ ಮರೆತು ಪಿನ್ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಇನ್ನೊಂದು, ಮ್ಯಾಚ್ ಮುಗಿದ ತಕ್ಷಣ ಆರಾಮಾಗಿ ಎದ್ದು ನಡೆಯಬೇಡಿ. ಪರದೆ ದಾಟುವವರೆಗೂ ನೋವು ಕಾಣಬೇಕು, ಕಾಲು ಹಿಡಿದುಕೊಂಡೇ ಹೋಗಿ.