ಕರ್ನಲ್ ಕೂರಬೇಕಾದ ಜಾಗದಲ್ಲಿ ಮೊದಲೇ ಯಾರೋ ಕೂತಿದ್ದಾರೆ

ಪ್ರಶ್ನೆ: ನಮಸ್ಕಾರ ಸರ್. ಕಲಿಯೋಕೆ ಅಂತ ರಿಸ್ಕ್-ಫೈವ್ ಅನ್ನೋ ಪ್ರೊಸೆಸರ್ ವಿನ್ಯಾಸಕ್ಕೆ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೀತಿದ್ದೀನಿ. ಓಡಿಸೋದು ಕ್ಯೂಎಮು (ಕಂಪ್ಯೂಟರನ್ನು ಅನುಕರಿಸೋ ಸಾಫ್ಟ್‌ವೇರ್) ಕೊಡೋ ‘ವರ್ಟ್’ ಮಷೀನ್‌ನಲ್ಲಿ, 64 ಬಿಟ್, ರ‍್ಯಾಮ್ 128 ಎಂಬಿ. ಲಿಂಕರ್ ಸ್ಕ್ರಿಪ್ಟ್‌ನಲ್ಲಿ (ಕರ್ನಲ್ ಮೆಮೊರಿಯಲ್ಲಿ ಎಲ್ಲಿ ಕೂರಬೇಕು ಅಂತ ಹೇಳೋ ಫೈಲ್) ಕೊಟ್ಟ ವಿಳಾಸ ಹೆಕ್ಸ್ 80000000. ಕ್ಯೂಎಮುವಿನ ಬಯಾಸ್ (ಮೊದಲು ಓಡೋ ಫರ್ಮ್‌ವೇರ್) ಆಯ್ಕೆಗೆ ‘ನನ್’, ಅಂದರೆ ‘ಯಾವುದೂ ಬೇಡ’, ಅಂತ ಕೊಟ್ಟರೆ ಓಡುತ್ತೆ. ಅದನ್ನು ತೆಗೆದರೆ ‘ರೋಮ್ ಭಾಗಗಳು ಒಂದರ ಮೇಲೊಂದು ಬಿದ್ದಿವೆ’ ಅಂತ ಎರರ್. ನಾನು ರೋಮ್ (ಓದೋಕೆ ಮಾತ್ರ ಆಗೋ ಮೆಮೊರಿ) ಮುಟ್ಟೇ ಇಲ್ಲವಲ್ಲ?

ಉತ್ತರ: ಆ ಪದ ನೋಡಿ ಗಾಬರಿಯಾಗಬೇಡಿ. ಮಷೀನ್ ಶುರುವಾಗೋ ಮೊದಲು ಮೆಮೊರಿಗೆ ತುಂಬೋ ಫೈಲನ್ನೆಲ್ಲ ಕ್ಯೂಎಮು ರೋಮ್ ಅಂತಲೇ ಕರೆಯುತ್ತೆ. ನಿಮ್ಮ ಕರ್ನಲ್ಲೂ ಅದರ ಲೆಕ್ಕದಲ್ಲಿ ರೋಮೇ.

ವರ್ಟ್ ಮಷೀನ್‌ನಲ್ಲಿ ರ‍್ಯಾಮ್ ಶುರುವಾಗೋದೇ 80000000ದಿಂದ. ಬಯಾಸ್ ಬಗ್ಗೆ ನೀವು ಏನೂ ಹೇಳದಿದ್ದರೆ ಕ್ಯೂಎಮು ತಾನಾಗಿ ಓಪನ್‌ಎಸ್‌ಬಿಐ ಅನ್ನೋ ಫರ್ಮ್‌ವೇರ್ ತಂದು ಅಲ್ಲೇ ಕೂರಿಸುತ್ತೆ. ನಿಮ್ಮದೂ ಅದೇ ಜಾಗ ಕೇಳಿದರೆ ಜಗಳ ಆಗದೆ ಇರುತ್ತಾ? ಲಿಂಕರ್ ಸ್ಕ್ರಿಪ್ಟ್‌ನಲ್ಲಿ 80200000 ಮಾಡಿ. ಮೊದಲ 2 ಎಂಬಿ ಫರ್ಮ್‌ವೇರ್‌ಗೆ ಬಿಟ್ಟ ಹಾಗಾಯಿತು. ಮುಂದೆ ಪೇಜಿಂಗ್ (ಮೆಮೊರಿಯನ್ನು ‘ಪೇಜ್’ ಅನ್ನೋ ತುಂಡುಗಳಾಗಿ ಹೊಂದಿಸೋದು) ಹಾಕುವಾಗ 2 ಎಂಬಿಯ ದೊಡ್ಡ ಪೇಜ್‌ಗೂ ಇದು ಸರಿಯಾಗಿ ಹೊಂದುತ್ತೆ.

ಪ್ರಶ್ನೆ: ಎರರ್ ಹೋಯ್ತು ಸರ್. ಓಪನ್‌ಎಸ್‌ಬಿಐ ಬ್ಯಾನರ್ ಬರುತ್ತೆ, ಆಮೇಲೆ ನನ್ನ ಕಡೆಯಿಂದ ಒಂದಕ್ಷರವೂ ಬರಲ್ಲ. ಅಕ್ಷರ ಹೊರಗೆ ಕಳಿಸೋ ಸೀರಿಯಲ್ ಪೋರ್ಟ್ ಯುಆರ್ಟ್‌ನ ವಿಳಾಸ ಹೆಕ್ಸ್ 10000000, ಅದನ್ನು ಬದಲಾಯಿಸಿಲ್ಲ. ಮೊದಲ ಸಾಲಿನಲ್ಲಿ ಎಂಹಾರ್ಟ್‌ಐಡಿ (ಹಾರ್ಟ್ ನಂಬರ್ ಇರೋ ರಿಜಿಸ್ಟರ್; ಹಾರ್ಟ್ ಅಂದರೆ ಸ್ವತಂತ್ರವಾಗಿ ಕೋಡ್ ಓಡಿಸೋ ಪ್ರೊಸೆಸರ್ ಘಟಕ) ಓದಿ, ಸೊನ್ನೆ ಅಲ್ಲದ ಹಾರ್ಟ್‌ಗಳನ್ನು ನಿಲ್ಲಿಸ್ತೀನಿ.

ಉತ್ತರ: ಸಿಕ್ಕಿತು, ಆ ಮೊದಲ ಸಾಲೇ ಕಳ್ಳ. ಜಾಗದ ಜೊತೆ ನಿಮ್ಮ ಅಧಿಕಾರವೂ ಬದಲಾಗಿದೆ. ಮೊದಲು ಎಂ-ಮೋಡ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಹೆಚ್ಚು ಅಧಿಕಾರ ಇರೋ ಹಂತದಲ್ಲಿ, ಓಡ್ತಿದ್ರಿ. ಈಗ ಅಲ್ಲಿರೋದು ಓಪನ್‌ಎಸ್‌ಬಿಐ, ನೀವು ಅದಕ್ಕಿಂತ ಕೆಳಗಿನ ಎಸ್-ಮೋಡ್‌ನಲ್ಲಿ. ಅಲ್ಲಿಂದ ಎಂಹಾರ್ಟ್‌ಐಡಿ ಓದಿದರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಟ್ರ್ಯಾಪ್, ಅಂದರೆ ಅನುಮತಿ ಇಲ್ಲದ ಆದೇಶ ಅಂತ ಪ್ರೊಸೆಸರ್ ಕೆಲಸ ತಡೆಯುತ್ತೆ. ನೀವಿನ್ನೂ ಎಸ್‌ಟಿವೆಕ್ (ಟ್ರ್ಯಾಪ್ ಆದಾಗ ಎಲ್ಲಿಗೆ ಹೋಗಬೇಕು ಅನ್ನೋ ವಿಳಾಸದ ರಿಜಿಸ್ಟರ್) ತುಂಬಿಲ್ಲ, ಹಾಗಾಗಿ ಹಿಡಿಯೋರಿಲ್ಲ. ಓದೋ ಅಗತ್ಯವೇ ಇಲ್ಲ: ಹಾರ್ಟ್ ನಂಬರ್ ಎ0 ರಿಜಿಸ್ಟರ್‌ನಲ್ಲಿ ಬಂದಿರುತ್ತೆ, ಡಿವೈಸ್ ಟ್ರೀ (ಮಷೀನ್‌ನಲ್ಲಿ ಏನೇನು ಹಾರ್ಡ್‌ವೇರ್ ಇದೆ ಅನ್ನೋ ಪಟ್ಟಿ) ವಿಳಾಸ ಎ1ರಲ್ಲಿ. ಸ್ಟ್ಯಾಕ್ ಹೊಂದಿಸುವಾಗ ಇವೆರಡನ್ನೂ ಅಳಿಸಬೇಡಿ.

ಡಿವೈಸ್ ಟ್ರೀ ಕೂಡ ಅದೇ ರ‍್ಯಾಮ್‌ನಲ್ಲೇ ಇರುತ್ತೆ. ‘ಕರ್ನಲ್ ಮುಗಿದ ಮೇಲೆ 87ಎಫ್‌ಎಫ್‌ಎಫ್‌ಎಫ್‌ಎಫ್‌ವರೆಗೆ ಎಲ್ಲ ಖಾಲಿ’ ಅಂತ ಪೇಜ್ ಅಲೊಕೇಟರ್‌ಗೆ (ಖಾಲಿ ಮೆಮೊರಿ ಹಂಚೋ ಕೋಡ್) ಕೊಟ್ಟರೆ ಒಂದು ದಿನ ಅದರ ಮೇಲೆ ಬರೀತೀರಿ. ನಾನು ಎರಡು ರಾತ್ರಿ ಇದರಲ್ಲೇ ಕಳೆದಿದ್ದೆ.

ಹಾಗೇ ಬಿಎಸ್‌ಎಸ್ ಅನ್ನು (ಆರಂಭಿಕ ಬೆಲೆ ಕೊಡದ ಗ್ಲೋಬಲ್ ವೇರಿಯಬಲ್‌ಗಳ ಜಾಗ) ನೀವೇ ಸೊನ್ನೆ ಮಾಡಿ. ಕ್ಯೂಎಮು ರ‍್ಯಾಮ್ ಹೇಗೂ ಸೊನ್ನೆಯಿಂದ ಶುರುವಾಗೋದರಿಂದ ಮರೆತರೂ ಇಲ್ಲಿ ಗೊತ್ತಾಗಲ್ಲ. ನಿಜವಾದ ಬೋರ್ಡ್ ಮೇಲೆ ಹಾಕಿದಾಗ ಗೊತ್ತಾಗುತ್ತೆ.