ಪದಚರ್ಚೆ: ಇಸಿಜಿ ವರದಿಯ ‘ಸೈನಸ್ ರಿದಮ್’, ‘ಹಾರ್ಟ್ ಬ್ಲಾಕ್’ ಇತ್ಯಾದಿಗಳಿಗೆ ಕನ್ನಡದಲ್ಲಿ ಏನೆನ್ನುವುದು?

ಪ್ರಶ್ನೆ:

ಬಲ್ಲವರಿಗೆ ನಮಸ್ಕಾರ. ಇಸಿಜಿ (ಹೃದಯದ ವಿದ್ಯುತ್ ಸಂಕೇತಗಳನ್ನು ಕಾಗದದಲ್ಲಿ ದಾಖಲಿಸುವ ಪರೀಕ್ಷೆ) ಮಾಡಿಸಿಕೊಂಡವರಿಗೆ ಕೊಡುವ ಕಿರುಹೊತ್ತಗೆಯೊಂದು ಕನ್ನಡಕ್ಕೆ ಬರುತ್ತಿದೆ. ‘ರೆಸ್ಟಿಂಗ್ ಹಾರ್ಟ್ ರೇಟ್’, ‘ನಾರ್ಮಲ್ ಸೈನಸ್ ರಿದಮ್’, ‘ಸೈನಸ್ ಅರಿದ್ಮಿಯಾ’, ‘ಏಟ್ರಿಯಲ್ ಫಿಬ್ರಿಲೇಶನ್’, ‘ಹಾರ್ಟ್ ಬ್ಲಾಕ್’ ಇವಕ್ಕೆ ಹಳ್ಳಿಯ ಓದುಗರಿಗೂ ತಿಳಿಯುವ ಮಾತು ಬೇಕು. ಕರಡಿನಲ್ಲಿ ‘ವಿಶ್ರಾಂತ ಹೃದಯದ ದರ’, ‘ಅಕ್ರಮ ಲಯ’ ಎಂದೆಲ್ಲ ಇದೆ. ಒಪ್ಪಬಹುದೇ?

ಉತ್ತರ:

ಎರಡೂ ಬೇಡ. ವಿಶ್ರಾಂತಿಯಲ್ಲಿರುವುದು ಮನುಷ್ಯ, ಹೃದಯವಲ್ಲ. ‘ಸುಮ್ಮನೆ ಕುಳಿತಿರುವಾಗಿನ ಹೃದಯ ಬಡಿತ’ ಎಂದರೆ ಅಳೆಯುವ ಕ್ರಮವೂ ಅದರಲ್ಲೇ ಬಂತು: ಐದು ನಿಮಿಷ ಕುಳಿತ ಮೇಲೆ ಎಣಿಸಬೇಕು, ಮೆಟ್ಟಿಲು ಹತ್ತಿ ಬಂದೊಡನೆ, ಕಾಫಿ ಕುಡಿದೊಡನೆ ಅಲ್ಲ. ‘ಅಕ್ರಮ’ ಎಂದರೆ ಇವತ್ತಿನ ಕನ್ನಡದಲ್ಲಿ ಕಾನೂನು ಮೀರಿದ್ದು ಎಂದೇ ಅರ್ಥ. ‘ಏರುಪೇರಾದ ಲಯ’, ‘ಲಯ ತಪ್ಪುವುದು’ ಸಾಕು.

ಮುಖ್ಯವಾಗಿ ವೇಗವನ್ನೂ ಲಯವನ್ನೂ ಬೇರೆ ಇಡಿ. ನಿಮಿಷಕ್ಕೆ ಎಷ್ಟು ಬಡಿತ ಎಂಬುದು ವೇಗ. ವಯಸ್ಕರಲ್ಲಿ 60ರಿಂದ 100 ಸಾಮಾನ್ಯ. ನಿತ್ಯ ಓಡುವ ಕ್ರೀಡಾಪಟುಗಳಲ್ಲಿ 40–50 ಇದ್ದರೂ ಕಾಯಿಲೆಯಲ್ಲ. ಬಡಿತಗಳ ನಡುವಿನ ಅಂತರ ಒಂದೇ ಸಮನಾಗಿದೆಯೇ, ಬಡಿತ ಎಲ್ಲಿಂದ ಹುಟ್ಟುತ್ತಿದೆ ಎಂಬುದು ಲಯ. ವೇಗ 80 ಇದ್ದೂ ಲಯ ಕೆಟ್ಟಿರಬಹುದು. ಸಂಗೀತದಿಂದ ಬಂದ ‘ಲಯ’ ಎಲ್ಲರಿಗೂ ಗೊತ್ತು, ಅದನ್ನೇ ಬಳಸಿ. ಆದರೆ ‘ಹೃದಯಲಯ’ ಎಂದು ಸಮಾಸ ಮಾಡಬೇಡಿ, ಅವಸರದಲ್ಲಿ ‘ಹೃದಯಾಲಯ’ ಎಂದು ಓದಿಬಿಡುತ್ತಾರೆ.

‘ಸೈನಸ್’ ಕಂಡೊಡನೆ ಮೂಗಿನ ತೊಂದರೆ ಎಂದುಕೊಳ್ಳುವವರು ಬಹಳ. ಇಲ್ಲಿ ಅದು ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿರುವ, ಬಡಿತ ಹುಟ್ಟಿಸುವ ಸಣ್ಣ ಗಂಟು. ಕೀತ್ ಮತ್ತು ಫ್ಲ್ಯಾಕ್ ಎಂಬ ಬ್ರಿಟಿಷ್ ಸಂಶೋಧಕರು 1907ರಲ್ಲಿ ವಿವರಿಸಿದ್ದು. ‘ಸಹಜ ಮೂಲದಿಂದ ಬರುವ ಲಯ’ ಎಂದು ಬರೆದು, ಮೂಗಿಗೆ ಸಂಬಂಧವಿಲ್ಲವೆಂದು ಒಂದು ಸಾಲು ಸೇರಿಸಿ. ‘ಸೈನಸ್ ಅರಿದ್ಮಿಯಾ’ಕ್ಕೆ ‘ಲಯದೋಷ’ ಎಂದರೆ ತಪ್ಪಾಗುತ್ತದೆ. ಉಸಿರು ಒಳಗೆಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದು ಮಕ್ಕಳಲ್ಲಿ, ಹರೆಯದವರಲ್ಲಿ ಆರೋಗ್ಯದ ಲಕ್ಷಣ. ‘ಉಸಿರಿನೊಂದಿಗೆ ಬದಲಾಗುವ ಲಯ’ ಎನ್ನಿ.

‘ಹಾರ್ಟ್ ಬ್ಲಾಕ್’ ವಿಷಯದಲ್ಲಿ ದಯವಿಟ್ಟು ಜಾಗ್ರತೆ. ನಮ್ಮ ಜನರ ಮಾತಿನಲ್ಲಿ ‘ಎರಡು ಬ್ಲಾಕ್ ಇದೆಯಂತೆ’ ಎಂದರೆ ರಕ್ತನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು ಎಂದು. ಇಸಿಜಿಯ ಹಾರ್ಟ್ ಬ್ಲಾಕ್ ಬೇರೆಯೇ: ಮೇಲ್ಕೋಣೆಯಿಂದ ಕೆಳಕೋಣೆಗೆ ಹೋಗುವ ವಿದ್ಯುತ್ ಸಂಕೇತಕ್ಕೆ ತಡೆ. ನಾಳಗಳು ಪೂರ್ತಿ ತೆರೆದಿದ್ದರೂ ಅದು ಬರಬಹುದು. ‘ಸಂಕೇತ ತಡೆ’ ಎಂಬ ಮಾತನ್ನು ಸೂಚಿಸುತ್ತೇನೆ. ಮೊದಲ ಹಂತದಲ್ಲಿ ಸಂಕೇತ ತಡವಾಗುತ್ತದೆ ಅಷ್ಟೆ: ಪಿ ಅಲೆಯ (ಮೇಲ್ಕೋಣೆಯ ಸಂಕೇತದ ಗುರುತು) ಆರಂಭದಿಂದ ಕ್ಯೂಆರ್‌ಎಸ್ (ಕೆಳಕೋಣೆಯ ಸಂಕೇತದ ಗುರುತು) ಆರಂಭದವರೆಗಿನ ಅಂತರ 0.20 ಸೆಕೆಂಡ್ ಮೀರುತ್ತದೆ, ಅಂದರೆ ಸೆಕೆಂಡಿಗೆ 25 ಮಿಲಿಮೀಟರ್ ಓಡುವ ಕಾಗದದಲ್ಲಿ ಐದು ಸಣ್ಣ ಚೌಕಕ್ಕಿಂತ ಹೆಚ್ಚು. ಎರಡನೆಯದರಲ್ಲಿ ಕೆಲವು ಸಂಕೇತಗಳು ಕೆಳಗಿಳಿಯುವುದೇ ಇಲ್ಲ. ಮೂರನೆಯದರಲ್ಲಿ ಒಂದೂ ಇಳಿಯದೆ, ಕೆಳಕೋಣೆ ತನ್ನಷ್ಟಕ್ಕೆ ತಾನೇ ನಿಧಾನವಾಗಿ, ಎಷ್ಟೋ ಸಲ ನಿಮಿಷಕ್ಕೆ 40ಕ್ಕೂ ಕಡಿಮೆ ಬಡಿಯುತ್ತದೆ. ತಲೆಸುತ್ತು, ಪ್ರಜ್ಞೆ ತಪ್ಪುವುದು ಇದರಿಂದಲೇ. ಇದಕ್ಕೆ ಸಾಮಾನ್ಯವಾಗಿ ಬೇಕಾಗುವುದು ಬಡಿತ ಹುಟ್ಟಿಸುವ ಸಾಧನವಾದ ಪೇಸ್‌ಮೇಕರ್, ಸ್ಟೆಂಟ್ ಅಲ್ಲ. ಪದ ಹೊಂದದೆ ಹೋದರೆ ಮನೆಯವರು ಬೇಡದ ಚಿಕಿತ್ಸೆಗೆ ಹಣ ಹೊಂದಿಸಲು ಓಡಾಡುತ್ತಾರೆ.

ಮತ್ತೊಬ್ಬರ ಉತ್ತರ:

ಮೇಲಿನದನ್ನು ಒಪ್ಪುತ್ತೇನೆ. ‘ಏಟ್ರಿಯಲ್ ಫಿಬ್ರಿಲೇಶನ್’ಗೆ ನಿಘಂಟಿನ ‘ಹೃತ್ಕರ್ಣ ಕಂಪನ’ಕ್ಕಿಂತ ‘ಮೇಲ್ಕೋಣೆಯ ಅದುರಾಟ’ ವಾಸಿ, ಏಕೆಂದರೆ ಅಲ್ಲಿ ನಡೆಯುವುದು ಅದೇ: ಕೋಣೆ ಒಟ್ಟಾಗಿ ಹಿಂಡಿಕೊಳ್ಳದೆ ಅದುರುತ್ತಿರುತ್ತದೆ, ಪಿ ಅಲೆಗಳು ಕಾಣುವುದಿಲ್ಲ, ಬಡಿತದ ಅಂತರಕ್ಕೆ ಯಾವ ಕಟ್ಟೂ ಇರುವುದಿಲ್ಲ. ಪ್ರತಿ ಎರಡನೆಯ ಬಡಿತ ಬೇಗ ಬರುವಂಥ ಸ್ಥಿತಿಯಲ್ಲಿ ತಪ್ಪುವುದಕ್ಕೂ ಒಂದು ಕ್ರಮವಿರುತ್ತದೆ. ಇಲ್ಲಿ ಅದೂ ಇಲ್ಲ. ಹಾಗಾಗಿ ‘ಕ್ರಮವಾಗಿ ತಪ್ಪುವ’, ‘ಕ್ರಮವೇ ಇಲ್ಲದೆ ತಪ್ಪುವ’ ಎಂಬ ಜೋಡಿಯನ್ನು ಉಳಿಸಿಕೊಳ್ಳಿ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಇದನ್ನು ಬಿಡದೆ ಬರೆಯಬೇಕು.

ಇನ್ನೊಂದು: ‘ಹೃದಯ ಬಡಿತ’, ‘ನಾಡಿಮಿಡಿತ’ ಒಂದೇ ಎಂದು ಅದಲುಬದಲು ಮಾಡಬೇಡಿ. ಅದುರಾಟದಲ್ಲಿ ಕೆಲವು ಬಡಿತಗಳು ಎಷ್ಟು ದುರ್ಬಲವೆಂದರೆ ಮಣಿಕಟ್ಟನ್ನು ಮುಟ್ಟುವುದೇ ಇಲ್ಲ. ಸ್ಟೆತಸ್ಕೋಪಿನಲ್ಲಿ 110 ಕೇಳಿ ನಾಡಿಯಲ್ಲಿ 90 ಸಿಗಬಹುದು. ಲಯ ತಪ್ಪಿದವರಲ್ಲಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದೂ ದಾರಿ ತಪ್ಪಿಸುತ್ತದೆ. ‘ಪೂರ್ತಿ ಒಂದು ನಿಮಿಷ ಎಣಿಸಿ’ ಎಂದು ದಪ್ಪಕ್ಷರದಲ್ಲಿ ಹಾಕಿ. ವರದಿ ಇಂಗ್ಲಿಷಿನಲ್ಲೇ ಇರುವುದರಿಂದ ಪ್ರತಿ ಕನ್ನಡ ಮಾತಿನ ಪಕ್ಕದಲ್ಲಿ ಆ ಇಂಗ್ಲಿಷ್ ಹೆಸರೂ ಇರಲಿ, ಓದುವವರು ತಮ್ಮ ವರದಿಯೊಂದಿಗೆ ಹೋಲಿಸಿ ನೋಡಿಕೊಳ್ಳಬಹುದು.