ಜರ್ಮನಿಯ ಸಂಬಳ, ಬೆಂಗಳೂರಿನ ಸಂಬಳ: ತೆರಿಗೆ ಕಳೆದು ಉಳಿಯುವುದೆಷ್ಟು, ಸಿಗುವುದೇನು?

ಪ್ರಶ್ನೆ (ಬೆಂಗಳೂರಿನಿಂದ)

ನಾನು ವಾಹನಗಳ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೇನೆ. ಇಲ್ಲಿ ವರ್ಷಕ್ಕೆ 30 ಲಕ್ಷ ರೂಪಾಯಿ ಸಂಬಳವಿದೆ. ಸ್ಟಟ್‌ಗಾರ್ಟ್‌ನ ಸಂಸ್ಥೆಯೊಂದು ವರ್ಷಕ್ಕೆ 60,000 ಯೂರೋ ಕೊಡಲು ಒಪ್ಪಿದೆ. ಪತ್ನಿ ಬ್ಯಾಂಕ್ ಉದ್ಯೋಗಿ, ಮಗಳಿಗೆ ನಾಲ್ಕು ವರ್ಷ, ತಂದೆತಾಯಿ ಹಾಸನದಲ್ಲಿದ್ದಾರೆ. ಅಲ್ಲಿ ಸಂಬಳದ ಅರ್ಧ ತೆರಿಗೆಗೇ ಹೋಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ, ಕಟ್ಟಿದ್ದಕ್ಕೆ ತಕ್ಕ ಸೌಲಭ್ಯ ಸಿಗುತ್ತದೆ ಎಂದು ಇನ್ನು ಕೆಲವರು ಹುರಿದುಂಬಿಸುತ್ತಾರೆ. ಎರಡೂ ಕಡೆ ಬದುಕಿ ನೋಡಿದವರು ತಮ್ಮ ಅನುಭವವನ್ನು ಅಂಕಿಗಳ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಸ್ಟಟ್‌ಗಾರ್ಟ್‌ನಿಂದ, ಒಂಬತ್ತು ವರ್ಷಗಳ ವಾಸ

ಮೊದಲು ಸಂಬಳದ ಚೀಟಿಯನ್ನು ಬಿಡಿಸಿ ನೋಡೋಣ, ಏಕೆಂದರೆ "ಅರ್ಧ ತೆರಿಗೆ" ಎಂಬ ಮಾತು ಹುಟ್ಟುವುದೇ ಅದನ್ನು ಓದಲು ಬಾರದೆ. ನಿಮ್ಮ 60,000 ಯೂರೋ ಎಂದರೆ ತಿಂಗಳಿಗೆ 5,000. 2025ರ ದರದಲ್ಲಿ ಇದರಿಂದ ಪಿಂಚಣಿ ವಿಮೆಗೆ ಶೇ. 9.3, ಅಂದರೆ 465 ಯೂರೋ. ನಿರುದ್ಯೋಗ ವಿಮೆಗೆ ಶೇ. 1.3, ಅಂದರೆ 65; ಆರೋಗ್ಯ ವಿಮೆಗೆ, ವಿಮಾ ನಿಧಿ ತಾನೇ ಸೇರಿಸುವ ಹೆಚ್ಚುವರಿ ದರದ ಅರ್ಧ ಪಾಲೂ ಸೇರಿ, ಸುಮಾರು 427; ಒಂದು ಮಗುವಿರುವವರಿಗೆ ವೃದ್ಧಾಪ್ಯದ ಆರೈಕೆ ವಿಮೆಗೆ 90. ಇವಿಷ್ಟರ ಮೊತ್ತ ಸುಮಾರು 1,047 ಯೂರೋ. ಬಹುತೇಕ ಇಷ್ಟೇ ಮೊತ್ತವನ್ನು ಸಂಸ್ಥೆಯೂ ತನ್ನ ಕಡೆಯಿಂದ ಕಟ್ಟುತ್ತದೆ.

ನಿಜವಾದ ಆದಾಯ ತೆರಿಗೆ ಬರುವುದು ಇದಾದ ಮೇಲೆ. ಒಬ್ಬರೇ ದುಡಿಯುವ ವಿವಾಹಿತರಿಗೆ ಸಿಗುವ ಟ್ಯಾಕ್ಸ್ ಕ್ಲಾಸ್ 3ರಲ್ಲಿ ನಿಮಗೆ ಬೀಳುವುದು ತಿಂಗಳಿಗೆ ಸುಮಾರು 425 ಯೂರೋ, ಅಂದರೆ ಸಂಬಳದ ಶೇ. 8.5ರಷ್ಟು. ಈಗ ಭಾರತದ ಲೆಕ್ಕವನ್ನು ಪಕ್ಕದಲ್ಲಿಡಿ. 2025-26ರ ಹೊಸ ಪದ್ಧತಿಯಲ್ಲಿ 30 ಲಕ್ಷ ಸಂಬಳಕ್ಕೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಶೇ. 4ರ ಸೆಸ್ ಸೇರಿಸಿದರೆ 4,75,800 ರೂಪಾಯಿ ತೆರಿಗೆಯಾಗುತ್ತದೆ. ಅದು ಸಂಬಳದ ಸುಮಾರು ಶೇ. 16. ಆದಾಯ ತೆರಿಗೆಯೊಂದನ್ನೇ ಹಿಡಿದರೆ ನಿಮ್ಮಂತಹ ಕುಟುಂಬಕ್ಕೆ ಬೆಂಗಳೂರಿನಲ್ಲೇ ಭಾರ ಹೆಚ್ಚು! ಜರ್ಮನಿಯಲ್ಲಿ ಸಂಬಳವನ್ನು ಕರಗಿಸುವುದು ತೆರಿಗೆಗಿಂತ ವಿಮೆಯ ವಂತಿಗೆಗಳು, ಮತ್ತು ಆ ವಂತಿಗೆಗಳ ಫಲ ನಿಮ್ಮ ಕೈಗೆ ಬರುವುದು ನೀವು ಅಲ್ಲಿ ಎಷ್ಟು ಕಾಲ ಇರುತ್ತೀರಿ, ಕುಟುಂಬದಲ್ಲಿ ಯಾರು ಜೊತೆಗಿರುತ್ತಾರೆ ಎಂಬುದರ ಮೇಲೆ. ನಾನು ಕಂಡಂತೆ ಲೆಕ್ಕವೆಲ್ಲ ನಿಂತಿರುವುದು ಇಲ್ಲಿಯೇ.

ಎಲ್ಲ ಕಳೆದು ಕೈಗೆ ಸುಮಾರು 3,500 ಯೂರೋ ಬರುತ್ತದೆ. ಅದರ ಮೇಲೆ ಮಗಳ ಹೆಸರಿನಲ್ಲಿ ಕಿಂಡರ್‌ಗೆಲ್ಡ್ ಎಂಬ ಮಕ್ಕಳ ಭತ್ಯೆ, 2025ರಲ್ಲಿ ತಿಂಗಳಿಗೆ 255 ಯೂರೋ ಇತ್ತು, ಇದು ಸಂಬಳ ಎಷ್ಟಿದ್ದರೂ ಸಿಗುವಂಥದ್ದು. ನಾವು ನಮ್ಮ ಮಗನ ಕೀಟಾಕ್ಕೆ, ಎಂದರೆ ಶಿಶುವಿಹಾರಕ್ಕೆ, ಊಟವೂ ಸೇರಿ ಹೆಚ್ಚುಕಡಿಮೆ ಇದೇ ಮೊತ್ತವನ್ನು ಕಟ್ಟುತ್ತಿದ್ದೆವು. ಶುಲ್ಕ ಊರಿಂದೂರಿಗೆ ಬದಲಾಗುತ್ತದೆ, ಬರ್ಲಿನ್‌ನಲ್ಲಿ 2018ರಿಂದ ಶುಲ್ಕವೇ ಇಲ್ಲ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಕೊಡಬೇಕೆಂಬ ಕಾನೂನು 2013ರಿಂದ ಇದೆಯಾದರೂ, ನಮಗೆ ಜಾಗ ಸಿಕ್ಕಿದ್ದು ಹನ್ನೊಂದು ತಿಂಗಳು ಕಾದ ಮೇಲೆ. ಕಾನೂನಿನ ಹಕ್ಕು ಬೇರೆ, ಬಾಗಿಲು ತೆರೆಯುವುದು ಬೇರೆ.

ಪತ್ನಿ ಮತ್ತು ಮಗಳು ಆದಾಯವಿಲ್ಲದೆ ನಿಮ್ಮೊಡನೆ ಇದ್ದರೆ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಅವರಿಗೆ ಬೇರೆ ಕಂತು ಕಟ್ಟಬೇಕಾಗಿಲ್ಲ. ಮಗ ಆಟದ ಮೈದಾನದಲ್ಲಿ ಬಿದ್ದು ಮೊಣಕೈ ಮುರಿದುಕೊಂಡಾಗ ಆಸ್ಪತ್ರೆಯಲ್ಲಿ ನಾನು ತೋರಿಸಿದ್ದು ಹಸಿರು ಬಣ್ಣದ ವಿಮಾ ಕಾರ್ಡೊಂದನ್ನು ಮಾತ್ರ. ಶಸ್ತ್ರಚಿಕಿತ್ಸೆ, ಮೂರು ರಾತ್ರಿಯ ವಾಸ, ಆಮೇಲಿನ ಫಿಸಿಯೋಥೆರಪಿ ಎಲ್ಲ ಮುಗಿದರೂ ಬಿಲ್ ಎಂಬುದನ್ನು ನಾನು ನೋಡಲೇ ಇಲ್ಲ. ಅಭ್ಯಾಸಬಲದಿಂದ ಕ್ಯಾಶ್ ಕೌಂಟರ್ ಎಲ್ಲಿದೆ ಎಂದು ಕೇಳಿದಾಗ ಅಲ್ಲಿದ್ದ ದಾದಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ದೊಡ್ಡವರಾದರೆ ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ, ಔಷಧ ಚೀಟಿಗೆ 5ರಿಂದ 10 ಯೂರೋ ಕೊಡಬೇಕಾಗುತ್ತದೆ. ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳ, ಆಮೇಲೆ ವಿಮಾ ನಿಧಿಯಿಂದ ಸಂಬಳದ ಶೇ. 70ರಷ್ಟು. ಮಗುವಿಗೆ ಜ್ವರ ಬಂದರೆ ತಾಯಿತಂದೆ ತಲಾ ವರ್ಷಕ್ಕೆ 15 ದಿನ ಮನೆಯಲ್ಲಿರಬಹುದು, ಆ ದಿನಗಳ ವೇತನದ ಬಹುಪಾಲನ್ನು ವಿಮಾ ನಿಧಿಯೇ ಭರಿಸುತ್ತದೆ.

ಎರಡು ಎಚ್ಚರಿಕೆಗಳು. ನೀವು ಮೊದಲು ಒಬ್ಬರೇ ಬಂದರೆ ನಿಮ್ಮನ್ನು ಒಂಟಿಯಾಗಿರುವವರ ಕ್ಲಾಸ್ 1ರಲ್ಲಿ ಇಡುತ್ತಾರೆ, ತಿಂಗಳಿಗೆ 400 ಯೂರೋದಷ್ಟು ಕಡಿಮೆ ಬರುತ್ತದೆ. ಗಾಬರಿ ಬೇಡ, ಪತ್ನಿ ಅದೇ ಕ್ಯಾಲೆಂಡರ್ ವರ್ಷದೊಳಗೆ ಬಂದು ವಾಸ ನೋಂದಣಿ ಮಾಡಿಸಿಕೊಂಡರೆ, ವರ್ಷದ ರಿಟರ್ನ್ ಸಲ್ಲಿಸುವಾಗ ಇಡೀ ವರ್ಷಕ್ಕೆ ಜಂಟಿ ಲೆಕ್ಕ ಕೇಳಿ ಹಣ ವಾಪಸು ಪಡೆಯಬಹುದು, ಆದರೆ ಆ ವರ್ಷ ಅವರು ಭಾರತದಲ್ಲಿ ಗಳಿಸಿದ್ದನ್ನೂ ತೋರಿಸಬೇಕು. ಎರಡನೆಯದು, ಪತ್ನಿ ಇಲ್ಲಿ ಕೆಲಸ ಹಿಡಿದ ದಿನ ಶೇ. 8.5ರ ಸುಖ ಮುಗಿಯುತ್ತದೆ. ನೀವು 3ರಲ್ಲೇ ಉಳಿದರೆ ಅವರಿಗೆ ಹೆಚ್ಚು ತೆರಿಗೆ ಕಡಿಯುವ ಕ್ಲಾಸ್ 5, ಮೊದಲ ತಿಂಗಳ ಚೀಟಿ ನೋಡಿ ಅವರು ಬೇಸರಪಡುವುದು ಖಂಡಿತ. ಸಂಬಳಗಳು ಹತ್ತಿರಹತ್ತಿರ ಇದ್ದರೆ ಇಬ್ಬರಿಗೂ ಒಂದೇ ರೀತಿ ಕಡಿಯುವ ಕ್ಲಾಸ್ 4ಕ್ಕೆ ಇಬ್ಬರೂ ಬದಲಾಯಿಸಿಕೊಳ್ಳುವುದು ಲೇಸು.

ಬೆಂಗಳೂರಿನಿಂದ, ಮ್ಯೂನಿಕ್‌ನಲ್ಲಿ ಆರು ವರ್ಷ ಇದ್ದು 2022ರಲ್ಲಿ ಮರಳಿದವರು

ಮೇಲಿನವರ ಅಂಕಿಗಳನ್ನು ಒಪ್ಪುತ್ತೇನೆ, ಆದರೆ ನಾನು ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕುತ್ತೇನೆ. ಮರಳಿ ಬಂದ ಮೇಲೆ, ತೆರಿಗೆ ಕಟ್ಟಿಯೂ ಮತ್ತೆ ಕೈಯಿಂದ ಹಾಕಬೇಕಾದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಇಬ್ಬರು ಮಕ್ಕಳ ಖಾಸಗಿ ಶಾಲೆಯ ಶುಲ್ಕ ಮತ್ತು ಬಸ್ಸು, ನಮ್ಮ ನಾಲ್ವರ ಆರೋಗ್ಯ ವಿಮೆ, ತಂದೆತಾಯಿಯರ ವಿಮೆ, ಯುಪಿಎಸ್ ಬ್ಯಾಟರಿ, ಬಡಾವಣೆಯ ಕಾವಲುಗಾರರ ಪಾಲು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ನೀರಿನದ್ದೇ ಬೇರೆ ಪುಟವಾಯಿತು. ವರ್ಷಕ್ಕೆ ಇದು ಒಂಬತ್ತು ಲಕ್ಷ ದಾಟಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಯದ್ದು. ಮ್ಯೂನಿಕ್‌ನಲ್ಲಿ ಮಕ್ಕಳು ನಡೆದುಕೊಂಡು ಹೋಗುತ್ತಿದ್ದ ಸರ್ಕಾರಿ ಶಾಲೆಗೆ ನಾವು ಕೊಡುತ್ತಿದ್ದದ್ದು ಪ್ರವಾಸದ ಮತ್ತು ಬಣ್ಣದ ಪೆಟ್ಟಿಗೆಯ ಹಣ ಮಾತ್ರ. ಹೊಸ ಪದ್ಧತಿಯಲ್ಲಿ ತಂದೆತಾಯಿಯರ ವಿಮಾ ಕಂತಿಗೆ ಸಿಗುತ್ತಿದ್ದ ವಿನಾಯಿತಿಯೂ ಇಲ್ಲ ಎಂಬುದು ನನ್ನ ತಕರಾರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ತೆಗೆದದ್ದು ಅಷ್ಟರ ಮಟ್ಟಿಗೆ ಸಮಾಧಾನ.

ಸಂಬಳದ ಚೀಟಿಯಲ್ಲಿ ಕಾಣದ ತೆರಿಗೆಗಳೂ ಇವೆ. ಜರ್ಮನಿಯಲ್ಲಿ ಸಾಮಾನ್ಯ ಸರಕಿನ ಮೇಲೆ ಶೇ. 19, ದಿನಸಿ ಮತ್ತು ಪುಸ್ತಕಗಳ ಮೇಲೆ ಶೇ. 7ರ ಮಾರಾಟ ತೆರಿಗೆ ಇದೆ, ಅದು ಕಡಿಮೆಯೇನಲ್ಲ. ಆದರೆ ಕಾರಿನ ವಿಷಯದಲ್ಲಿ ಕರ್ನಾಟಕಕ್ಕೆ ಸಾಟಿಯಿಲ್ಲ. ನಾನು ಹದಿನಾಲ್ಕು ಲಕ್ಷದ ಕಾರು ಕೊಂಡಾಗ ಶೇ. 17ರ ಆಜೀವ ತೆರಿಗೆ, ಅದರ ಮೇಲೆ ಸೆಸ್, ಎಲ್ಲವನ್ನೂ ಒಂದೇ ಕಂತಿನಲ್ಲಿ ಕಟ್ಟಿ, ಅದೇ ವಾರ ನಮ್ಮ ಬೀದಿಯ ಗುಂಡಿಯಲ್ಲಿ ಅದರ ಟೈರು ಒಡೆಸಿಕೊಂಡೆ. ಮ್ಯೂನಿಕ್‌ನಲ್ಲಿ ನನಗೆ ಕಾರೇ ಬೇಕಾಗಿರಲಿಲ್ಲ. ಈಗ ಅಲ್ಲಿರುವ ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾಗಿ 2025ರಲ್ಲಿ 58ಕ್ಕೆ ಏರಿತ್ತು. ದೇಶದ ಎಲ್ಲ ನಗರ ಬಸ್ಸು, ಟ್ರಾಮ್, ಮೆಟ್ರೋ, ಪ್ರಾದೇಶಿಕ ರೈಲುಗಳಲ್ಲಿ ಒಂದು ತಿಂಗಳು ಓಡಾಡಬಹುದು.

ಇಷ್ಟೆಲ್ಲ ಬರೆದ ನಾನು ಏಕೆ ಮರಳಿದೆ ಎಂದು ಕೇಳುವಿರಿ. ಅಲ್ಲಿ ನನ್ನ ಮಂಡಿನೋವಿಗೆ ಎಂಆರ್‌ಐ ಮಾಡಿಸಲು ಏಳು ವಾರ ಕಾದೆ; ಇಲ್ಲಿ ಮರುದಿನ ಬೆಳಿಗ್ಗೆ ಎಂಟು ಸಾವಿರ ರೂಪಾಯಿ ಕೊಟ್ಟು ಮಾಡಿಸಿಕೊಂಡು ಸಂಜೆ ವೈದ್ಯರನ್ನು ಕಂಡೆ. ಕಾಯುವ ಶಕ್ತಿಯಿದ್ದವನಿಗೆ ಜರ್ಮನಿ, ಕೊಡುವ ಶಕ್ತಿಯಿದ್ದವನಿಗೆ ಬೆಂಗಳೂರು ಎಂದರೆ ತುಸು ಕಟುವಾದೀತು, ಸುಳ್ಳಾಗದು. ಕೊಡುವ ಶಕ್ತಿ ಇಲ್ಲದವರಿಗಾಗಿ ಇಲ್ಲಿ ಜಯದೇವ, ನಿಮ್ಹಾನ್ಸ್, ಕಿದ್ವಾಯಿಯಂತಹ ಸಾರ್ವಜನಿಕ ಸಂಸ್ಥೆಗಳಿವೆ. ನಮ್ಮ ತಂದೆಯ ಹೃದಯದ ಚಿಕಿತ್ಸೆಯೂ ಸರ್ಕಾರಿ ಆಸ್ಪತ್ರೆಯೊಂದರಲ್ಲೇ ಆಯಿತು, ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು ನಾನು ಎರಡು ರಾತ್ರಿ ಮಲಗಿದ್ದೆನಾದರೂ ಚಿಕಿತ್ಸೆಯಲ್ಲಿ ದೂರುವಂಥದ್ದು ಏನೂ ಇರಲಿಲ್ಲ. ಕಚೇರಿ ಕೆಲಸಗಳಲ್ಲಿಯೂ ನಾವು ಅಂದುಕೊಂಡಷ್ಟು ಹಿಂದಿಲ್ಲ. ಕರ್ನಾಟಕದ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಸೇವೆಗಳಿಗೆ ದಿನಗಳ ಗಡುವು ಹಾಕಿದೆ, ಪ್ರಮಾಣಪತ್ರಗಳು ಮೊಬೈಲಿಗೇ ಬರುತ್ತವೆ. ಜರ್ಮನಿಯಲ್ಲಿ ಎಲ್ಲವೂ ಅಂಚೆಯಲ್ಲಿ, ಕಾಗದದಲ್ಲಿ. ನನ್ನ ವೀಸಾ ನವೀಕರಣದ ಭೇಟಿಗೆ ದಿನಾಂಕ ಸಿಗಲು ನಾಲ್ಕು ತಿಂಗಳು ಹಿಡಿಯಿತು.

ಕ್ಯೋಲ್ನ್‌ನಿಂದ, ದಾದಿಯಾಗಿ ಕೆಲಸ ಮಾಡುತ್ತಿರುವವರು

ನಾನು ಮಂಗಳೂರಿನ ಕಡೆಯವಳು, ಅವಿವಾಹಿತೆ, ತಿಂಗಳಿಗೆ 3,600 ಯೂರೋ ಸಂಬಳ. ಕುಟುಂಬಸ್ಥರ ಲೆಕ್ಕ ನೋಡಿ ನನ್ನಂತಹವರು ಹೊರಡಬಾರದೆಂದು ಬರೆಯುತ್ತಿದ್ದೇನೆ. ಕ್ಲಾಸ್ 1ರಲ್ಲಿ ನನಗೆ ಆದಾಯ ತೆರಿಗೆಯೇ ಸುಮಾರು 440 ಯೂರೋ. 23 ವರ್ಷ ದಾಟಿಯೂ ಮಕ್ಕಳಿಲ್ಲವೆಂದು ಆರೈಕೆ ವಿಮೆಗೆ ಶೇ. 0.6 ಹೆಚ್ಚು. ಇನ್ನೊಂದನ್ನು ನಾನಾಗಿಯೇ ತಂದುಕೊಂಡೆ. ಕ್ಯೋಲ್ನ್‌ಗೆ ಬಂದ ಮೊದಲ ವಾರ ವಾಸ ನೋಂದಣಿಯ ಅರ್ಜಿಯಲ್ಲಿ ಧರ್ಮ ಎಂಬ ಕಡೆ ರೋಮನ್ ಕ್ಯಾಥೊಲಿಕ್ ಎಂದು ಬರೆದೆ. ಮುಂದಿನ ಸಂಬಳದಲ್ಲಿ ಚರ್ಚ್ ತೆರಿಗೆ ಎಂದು ಸುಮಾರು 40 ಯೂರೋ ಹೋಗಿತ್ತು: ಆದಾಯ ತೆರಿಗೆಯ ಶೇ. 9, ಬವೇರಿಯಾ ಮತ್ತು ಬಾಡನ್-ವ್ಯುರ್ಟೆಂಬರ್ಗ್‌ನಲ್ಲಾದರೆ ಶೇ. 8. ಹಿಂದೂ, ಮುಸ್ಲಿಂ ಸಹೋದ್ಯೋಗಿಗಳಿಗೆ ಇದು ಇಲ್ಲ. ಚರ್ಚಿನ ಸದಸ್ಯತ್ವ ಬಿಟ್ಟರೆ ನಿಲ್ಲುತ್ತದೆ, ಆದರೆ ಅದನ್ನು ಅಮ್ಮನಿಗೆ ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ, ಹಾಗಾಗಿ ಕಟ್ಟುತ್ತಿದ್ದೇನೆ.

ಪಿಂಚಣಿಯ ಬಗ್ಗೆ ಒಂದು ಮಾತು. ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದ್ದರೆ ಮಾತ್ರ ಜರ್ಮನಿಯ ವೃದ್ಧಾಪ್ಯ ಪಿಂಚಣಿಯ ಹಕ್ಕು ಬರುತ್ತದೆ. ಭಾರತದೊಂದಿಗಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿರುವುದರಿಂದ, ಆ ಅವಧಿಯನ್ನು ತುಂಬಿಸಲು ಭಾರತದ ಪಿಂಚಣಿ ವಂತಿಗೆಯ ವರ್ಷಗಳನ್ನೂ ಕೂಡಿಸಿಕೊಳ್ಳುತ್ತಾರೆ. ಆದುದರಿಂದ ಹೊರಡುವ ಅವಸರದಲ್ಲಿ ಪಿಎಫ್ ಜೊತೆಗೆ ಪಿಂಚಣಿ ಖಾತೆಯ ಹಣವನ್ನೂ ತೆಗೆದು ಖಾಲಿ ಮಾಡಬೇಡಿ. ನಾನು ತೆಗೆದುಬಿಟ್ಟೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತಂದೆತಾಯಿಯರನ್ನು ಅಲ್ಲಿನ ಕುಟುಂಬ ವಿಮೆಗೆ ಸೇರಿಸಬಹುದೇ? ನಮ್ಮ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟರೆ ಎರಡೂ ದೇಶಗಳಲ್ಲಿ ತೆರಿಗೆ ಬೀಳುತ್ತದೆಯೇ?

ಸ್ಟಟ್‌ಗಾರ್ಟ್‌ನಿಂದ ಮತ್ತೆ

ತಂದೆತಾಯಿಯರನ್ನು ಸೇರಿಸಲಾಗದು, ಕುಟುಂಬ ವಿಮೆ ಪತಿ ಅಥವಾ ಪತ್ನಿಗೆ ಮತ್ತು ಮಕ್ಕಳಿಗೆ ಮಾತ್ರ. ಅವರು ನೋಡಲು ಬಂದರೆ ಪ್ರವಾಸದ ವಿಮೆ ಬೇರೆ ಕೊಳ್ಳಬೇಕು, ಹಾಸನದಲ್ಲಿ ಅವರ ವಿಮೆಯ ಕಂತನ್ನು ನೀವು ಈಗಿನಂತೆಯೇ ಕಟ್ಟುತ್ತಿರಬೇಕು. ನೀವು ಅಲ್ಲಿ ತಿಂಗಳಿಗೆ ಸಾವಿರ ಯೂರೋ ವಂತಿಗೆ ಕೊಟ್ಟರೂ ಅದರಿಂದ ಅವರಿಗೆ ಏನೂ ಸಿಗದು. ನಾನು ಇದನ್ನು ಲೆಕ್ಕಕ್ಕೆ ಹಿಡಿಯದೆ ಬಂದವನು. ಈಗ ವರ್ಷಕ್ಕೆರಡು ಸಲ ಊರಿಗೆ ಹೋಗಿಬರುವ ಟಿಕೆಟ್ಟಿನ ದುಡ್ಡನ್ನೂ ಆ ವಂತಿಗೆಯ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ.

ಬಾಡಿಗೆಯ ಆದಾಯಕ್ಕೆ ಭಾರತದಲ್ಲಿ ತೆರಿಗೆ ಕಟ್ಟಲೇಬೇಕು. 1996ರಿಂದ ಜಾರಿಯಲ್ಲಿರುವ ಎರಡು ತೆರಿಗೆ ತಪ್ಪಿಸುವ ಒಪ್ಪಂದವಿರುವುದರಿಂದ ಒಂದೇ ಹಣಕ್ಕೆ ಎರಡು ಬಾರಿ ಕಟ್ಟುವ ಪ್ರಮೇಯ ಬರುವುದಿಲ್ಲ, ಆದರೆ ಜರ್ಮನಿಯ ರಿಟರ್ನ್‌ನಲ್ಲಿ ಅದನ್ನು ತೋರಿಸದೆ ಬಿಡಬೇಡಿ. ನೀವು ಅನಿವಾಸಿಯಾದ ಮೇಲೆ ಬಾಡಿಗೆದಾರರು ಪ್ರತಿ ತಿಂಗಳ ಬಾಡಿಗೆಯಲ್ಲಿ ಸೆಸ್ ಸೇರಿ ಶೇ. 31.2 ಟಿಡಿಎಸ್ ಕಡಿದು ಕಟ್ಟಬೇಕಾಗುತ್ತದೆ. ಕರಾರುಪತ್ರ ಬರೆಯುವ ಮೊದಲೇ ಇದನ್ನು ಅವರಿಗೆ ಬಿಡಿಸಿ ಹೇಳಿ, ನನ್ನ ಬಾಡಿಗೆದಾರರು ಎರಡನೇ ತಿಂಗಳಲ್ಲಿ ಇದು ತಿಳಿದು ಮನೆ ಬಿಟ್ಟು ಹೋದರು. ಹೆಚ್ಚು ಕಡಿದದ್ದನ್ನು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಹೊರಡುವ ದಿನಾಂಕ ನಿಮ್ಮ ಕೈಯಲ್ಲಿದ್ದರೆ, ಏಪ್ರಿಲ್ 1ರಿಂದ ಎಣಿಸಿ ಭಾರತದ ವಾಸ 182 ದಿನ ತುಂಬುವ ಮೊದಲೇ, ಅಂದರೆ ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ, ವಿಮಾನ ಹತ್ತಿ. ಆ ಹಣಕಾಸು ವರ್ಷಕ್ಕೆ ನೀವು ಅನಿವಾಸಿ ಎನಿಸಿಕೊಳ್ಳುತ್ತೀರಿ, ಸ್ಟಟ್‌ಗಾರ್ಟ್‌ನ ಮೊದಲ ಆರು ತಿಂಗಳ ಸಂಬಳವನ್ನು ಭಾರತದ ರಿಟರ್ನ್‌ನಲ್ಲಿ ವಿವರಿಸುವ ತಾಪತ್ರಯ ತಪ್ಪುತ್ತದೆ.